ಎಣ್ಣೆ ಮತ್ತು ಕೊಬ್ಬುಗಳ ಪರೀಕ್ಷೆ: ಇತಿಹಾಸ

ಎಣ್ಣೆ, ಬೆಣ್ಣೆ, ತುಪ್ಪ, ಪ್ರಾಣಿಕೊಬ್ಬುಗಳ ರಾಸಾಯನಿಕ ರಚನೆಯನ್ನು ಅರಿತು, ಅದರ ಆಧಾರದ ಮೇಲೆ ಅವುಗಳ ಗುರುತು ಮತ್ತು ಶುದ್ಧತೆಯನ್ನು ನಿರ್ಣಯಿಸುವ ವಿಧಾನಗಳ ಬೆಳವಣಿಗೆ. ಬಣ್ಣ, ವಾಸನೆ, ರುಚಿಗಳನ್ನೇ ನಂಬಿದ್ದ ಈ ಪರೀಕ್ಷೆ 19ನೆಯ ಶತಮಾನದಲ್ಲಿ ಅಳತೆಯ ವಿದ್ಯೆಯಾಯಿತು. ಕಲಬೆರಕೆ ಜಾಣತನ ಕಲಿತಂತೆಲ್ಲ ಪರೀಕ್ಷೆಯೂ ಸೂಕ್ಷ್ಮವಾಗುತ್ತ ಬಂದಿದೆ.

ರಚನೆಯ ಶೋಧ: ಸ್ವೀಡನ್ನಿನ ಕಾರ್ಲ್ ಷೀಲೆ 1779ರಲ್ಲಿ ಆಲಿವ್ ಎಣ್ಣೆಯನ್ನು ಸೀಸದ ಆಕ್ಸೈಡ್ ಜೊತೆ ಕಾಯಿಸಿ ಸಿಹಿಯಾದ ದ್ರವವೊಂದನ್ನು ಪಡೆದ, ಅದೇ ಗ್ಲಿಸರಿನ್. ಫ್ರಾನ್ಸಿನ ಮಿಶೆಲ್ ಶೆವ್ರಲ್ 1811ರಲ್ಲಿ ಹಂದಿಕೊಬ್ಬಿನ ಸಾಬೂನಿನಿಂದ ಸಂಶೋಧನೆ ಆರಂಭಿಸಿ, ಕೊಬ್ಬು ಕ್ಷಾರದೊಡನೆ ಕಾದಾಗ ಗ್ಲಿಸರಿನ್ ಮತ್ತು ಮೇದಾಮ್ಲಗಳಾಗಿ ಒಡೆಯುವುದನ್ನು ತೋರಿಸಿದ. ಅವನ ಗ್ರಂಥ 1823ರಲ್ಲಿ ಪ್ರಕಟವಾಯಿತು. 1854ರಲ್ಲಿ ಬರ್ತಲೋ ಈ ಎರಡನ್ನೂ ಮತ್ತೆ ಕೂಡಿಸಿ ಪ್ರಯೋಗಾಲಯದಲ್ಲೇ ಕೊಬ್ಬನ್ನು ತಯಾರಿಸಿದ.

ಸಂಖ್ಯೆಗಳ ಕಾಲ: 1869ರಲ್ಲಿ ಮೆಜ್ ಮೂರಿಯೆ ದನದ ಕೊಬ್ಬಿನಿಂದ ಮಾರ್ಗರಿನ್ ತಯಾರಿಸಿದ ಮೇಲೆ, ನಿಜವಾದ ಬೆಣ್ಣೆಯನ್ನು ಬೇರ್ಪಡಿಸಿ ಗುರುತಿಸುವುದು ರಸಾಯನಜ್ಞರ ತುರ್ತು ಕೆಲಸವಾಯಿತು. 1879ರಲ್ಲಿ ಕೋಟ್‌ಸ್ಟೋರ್ಫರ್ ಸಾಬೂನೀಕರಣ ಸಂಖ್ಯೆಯನ್ನು ರೂಪಿಸಿದ: ಒಂದು ಗ್ರಾಂ ಕೊಬ್ಬು ಸಾಬೂನಾಗಲು ಬೇಕಾದ ಪೊಟ್ಯಾಸಿಯಂ ಹೈಡ್ರಾಕ್ಸೈಡಿನ ಮಿಲಿಗ್ರಾಂ ಪ್ರಮಾಣ. ಮಧ್ಯಮ ಸರಪಳಿಯ ಆಮ್ಲಗಳು ತುಂಬಿದ ಕೊಬ್ಬರಿ ಎಣ್ಣೆಗೆ ಇದು ಸುಮಾರು 250, ಕಡಲೆಕಾಯಿ ಎಣ್ಣೆಗೆ ಸುಮಾರು 190. ಅದೇ ವರ್ಷ ರೈಖರ್ಟ್ ಸೂಚಿಸಿದ ವಿಧಾನವನ್ನು ಮೈಸ್ಲ್ ಪರಿಷ್ಕರಿಸಿದ. ಅದು ಆವಿಯಾಗಿ ನೀರಿನಲ್ಲಿ ಕರಗುವ ಆಮ್ಲಗಳನ್ನು ಅಳೆಯುತ್ತದೆ. ಹಾಲಿನ ಕೊಬ್ಬಿನಲ್ಲಿ ಬ್ಯುಟಿರಿಕ್ ಆಮ್ಲವಿರುವುದರಿಂದ ತುಪ್ಪದ ರೈಖರ್ಟ್-ಮೈಸ್ಲ್ ಸಂಖ್ಯೆ ಸಾಮಾನ್ಯವಾಗಿ 24ಕ್ಕಿಂತ ಹೆಚ್ಚು. ಬಹುತೇಕ ಸಸ್ಯತೈಲಗಳದ್ದು 1ಕ್ಕಿಂತ ಕಡಿಮೆ. 1884ರಲ್ಲಿ ಹ್ಯೂಬ್ಲ್ ತಂದ ಅಯೋಡಿನ್ ಸಂಖ್ಯೆ ಮೇದಾಮ್ಲಗಳಲ್ಲಿನ ದ್ವಿಬಂಧಗಳನ್ನು ಅಳೆಯುತ್ತದೆ: ಕೊಬ್ಬರಿ ಎಣ್ಣೆಗೆ 10ರ ಆಸುಪಾಸು, ಬೇಗ ಒಣಗುವ ಅಗಸೆ ಎಣ್ಣೆಗೆ 170ಕ್ಕೂ ಹೆಚ್ಚು.

ಭಾರತದಲ್ಲಿ: 1902ರಲ್ಲಿ ಜರ್ಮನಿಯ ನಾರ್ಮನ್ ಪೇಟೆಂಟ್ ಪಡೆದ ಹೈಡ್ರೋಜನೀಕರಣ ವಿಧಾನ ದ್ರವತೈಲವನ್ನು ಗಟ್ಟಿಗೊಳಿಸಿ ವನಸ್ಪತಿಗೆ ದಾರಿ ಮಾಡಿತು. ಅದು ತುಪ್ಪದೊಳಗೆ ಸೇರಿದರೆ ಕಣ್ಣಿಗೆ ಗೊತ್ತಾಗದು. ಆದ್ದರಿಂದ ವನಸ್ಪತಿಗೆ ಕನಿಷ್ಠ ಶೇ. 5ರಷ್ಟು ಎಳ್ಳೆಣ್ಣೆ ಬೆರೆಸಲೇಬೇಕೆಂದು ಸರ್ಕಾರ ನಿಯಮ ಮಾಡಿತು. ಸಕ್ಕರೆ ಕರಗಿಸಿದ ಹೈಡ್ರೊಕ್ಲೋರಿಕ್ ಆಮ್ಲದೊಡನೆ ಕುಲುಕಿದಾಗ ಎಳ್ಳೆಣ್ಣೆ ಗುಲಾಬಿ-ಕೆಂಪು ಬಣ್ಣ ಕೊಡುತ್ತದೆ. ಬೊದ್ವಾ ಪರೀಕ್ಷೆ ಎನಿಸಿದ ಇದರಿಂದ ಬೆರಕೆ ಬಯಲಾಗುತ್ತದೆ. ಆದರೆ ಹತ್ತಿಕಾಳು ತಿನ್ನುವ ಹಸು-ಎಮ್ಮೆಗಳ ತುಪ್ಪದಲ್ಲಿ ರೈಖರ್ಟ್-ಮೈಸ್ಲ್ ಸಂಖ್ಯೆ ಸಹಜವಾಗಿಯೇ ಇಳಿಯುತ್ತದೆ. ಹೀಗಾಗಿ ಹತ್ತಿ ಬೆಳೆಯುವ ಪ್ರದೇಶಗಳಿಗೆ ಪ್ರತ್ಯೇಕ ಮಿತಿ ಇಡಬೇಕಾಯಿತು. ಇಲ್ಲದಿದ್ದರೆ ನಿರಪರಾಧಿ ರೈತನೂ ಕಲಬೆರಕೆದಾರನೆನಿಸುತ್ತಿದ್ದ. 1998ರಲ್ಲಿ ದೆಹಲಿಯಲ್ಲಿ ದತ್ತೂರಿ ಬೀಜದ (ಆರ್ಜಿಮೋನ್) ಎಣ್ಣೆ ಬೆರೆತ ಸಾಸಿವೆ ಎಣ್ಣೆ ಹಲವಾರು ಜನರ ಪ್ರಾಣ ತೆಗೆದದ್ದು ಈ ಪರೀಕ್ಷೆಗಳ ಮಹತ್ವವನ್ನು ಕಟುವಾಗಿ ನೆನಪಿಸಿತು.

ಆಧುನಿಕ ವಿಧಾನ: ಕೊಬ್ಬರಿ ಎಣ್ಣೆಯಂಥದನ್ನು ಹದವಾಗಿ ಬೆರೆಸಿ ಒಂದು ಸಂಖ್ಯೆಯನ್ನು ಸರಿದೂಗಿಸಬಹುದು, ಎಲ್ಲ ಮೇದಾಮ್ಲಗಳನ್ನೂ ಒಟ್ಟಿಗೆ ಸರಿದೂಗಿಸುವುದು ಬಹಳ ಕಷ್ಟ. 1952ರಲ್ಲಿ ಜೇಮ್ಸ್ ಮತ್ತು ಮಾರ್ಟಿನ್ ಅನಿಲ-ದ್ರವ ಕ್ರೊಮಟೋಗ್ರಫಿಯನ್ನು ಮೊದಲು ಪ್ರಯೋಗಿಸಿದ್ದೇ ಮೇದಾಮ್ಲಗಳನ್ನು ಬೇರ್ಪಡಿಸಲು. ಇಂದು ಒಂದು ಹನಿ ಎಣ್ಣೆಯಲ್ಲೂ ಪ್ರತಿ ಆಮ್ಲದ ಪಾಲನ್ನು ತಿಳಿಯಬಹುದು. ಆದರೂ ಹಳೆಯ ಸಂಖ್ಯೆಗಳು ಪ್ರಯೋಗಾಲಯದಿಂದ ಮರೆಯಾಗಿಲ್ಲ: ಬ್ಯುರೆಟ್, ಫ್ಲಾಸ್ಕುಗಳಷ್ಟೇ ಇರುವ ಕಡೆಯೂ ಅವು ಕೊಳ್ಳುವವರ ಪರ ಸಾಕ್ಷಿ ನುಡಿಯುತ್ತವೆ.