ಬಾಲಕರ ಹಾಕಿ ಪಂದ್ಯಗಳಲ್ಲಿ ಬುಲ್ಲಿ ಮತ್ತು ಆಟದ ಪುನರಾರಂಭ: ತೀರ್ಪುಗಾರರು, ಶಾಲೆಗಳು ಹಾಗೂ ಪೋಷಕರಿಗೆ ಮಾಹಿತಿ

1. ಪೀಠಿಕೆ

ಕರ್ನಾಟಕದಲ್ಲಿ ಹಾಕಿ ಕ್ರೀಡೆಗೆ ದೀರ್ಘ ಪರಂಪರೆಯಿದೆ. ಕೊಡಗು ಜಿಲ್ಲೆಯಲ್ಲಿ 1997ರಲ್ಲಿ ಕರಡ ಗ್ರಾಮದಲ್ಲಿ ಆರಂಭಗೊಂಡ ಕೊಡವ ಕೌಟುಂಬಿಕ ಹಾಕಿ ಉತ್ಸವವು ಈ ಕ್ರೀಡೆಯನ್ನು ಮನೆಮನೆಗೆ ತಲುಪಿಸಿದೆ. ಕೂಡಿಗೆ, ಪೊನ್ನಂಪೇಟೆ ಮೊದಲಾದೆಡೆ ಬಾಲಕ ಬಾಲಕಿಯರು ಎಳೆಯ ವಯಸ್ಸಿನಲ್ಲಿಯೇ ಹಾಕಿ ತರಬೇತಿ ಪಡೆಯುತ್ತಿದ್ದಾರೆ.

ಶಾಲಾ ಮಟ್ಟದ ಪಂದ್ಯಗಳಲ್ಲಿ ವಿವಾದಗಳು ಸಾಮಾನ್ಯವಾಗಿ ಉಂಟಾಗುವುದು ನಿಂತ ಆಟವನ್ನು ಮತ್ತೆ ಆರಂಭಿಸುವ ಸಂದರ್ಭದಲ್ಲಿ. ಚೆಂಡು ಯಾವ ತಂಡಕ್ಕೆ, ಎಲ್ಲಿಂದ, ಯಾವ ವಿಧಾನದಲ್ಲಿ ಎಂಬ ಮೂರು ವಿಷಯಗಳು ಸ್ಪಷ್ಟವಿರದಿದ್ದಲ್ಲಿ ಒಂದು ತಂಡಕ್ಕೆ ಅನ್ಯಾಯವಾಗುತ್ತದೆ. ಮಕ್ಕಳು ಒಬ್ಬರ ಮೇಲೊಬ್ಬರು ನುಗ್ಗಿ ಗಾಯಗೊಳ್ಳುವ ಸಂಭವವೂ ಇರುತ್ತದೆ. ಆದ್ದರಿಂದ ಅಂತರರಾಷ್ಟ್ರೀಯ ಹಾಕಿ ಫೆಡರೇಷನ್ನಿನ ನಿಯಮಗಳ ಮುಖ್ಯಾಂಶಗಳನ್ನು ಈ ಕೆಳಗೆ ಸರಳವಾಗಿ ವಿವರಿಸಲಾಗಿದೆ.

2. ಅಂಕಣ, ಅವಧಿ ಮತ್ತು ತೀರ್ಪುಗಾರರು

ಅಂಕಣದ ಉದ್ದ 91.40 ಮೀಟರ್, ಅಗಲ 55 ಮೀಟರ್. ಪಂದ್ಯವನ್ನು ತಲಾ 15 ನಿಮಿಷಗಳ ನಾಲ್ಕು ಅವಧಿಗಳಲ್ಲಿ ಆಡಲಾಗುತ್ತದೆ. ಉಭಯ ತಂಡಗಳ ಒಪ್ಪಿಗೆಯ ಮೇರೆಗೆ ಬೇರೆ ಅವಧಿಯನ್ನು ನಿಗದಿಪಡಿಸಿಕೊಳ್ಳಲು ನಿಯಮಗಳಲ್ಲಿ ಅವಕಾಶವಿದೆ. ಇಬ್ಬರು ತೀರ್ಪುಗಾರರಿದ್ದು, ಪ್ರತಿಯೊಬ್ಬರೂ ಪಂದ್ಯದುದ್ದಕ್ಕೂ ಅಂಕಣದ ಒಂದೊಂದು ಅರ್ಧದ ಪ್ರಧಾನ ಹೊಣೆ ಹೊರುತ್ತಾರೆ. ಪಂದ್ಯದ ಮುನ್ನವೇ ಇಬ್ಬರೂ ಸಮಾಲೋಚಿಸಿ, ಆಟ ನಿಂತಾಗ ಪರಸ್ಪರ ಸಂಕೇತ ನೀಡುವ ಕ್ರಮವನ್ನು ಖಚಿತಪಡಿಸಿಕೊಳ್ಳುವುದು ಸೂಕ್ತ.

3. ಸೆಂಟರ್ ಪಾಸ್

ನಾಣ್ಯ ಚಿಮ್ಮುಗೆಯಲ್ಲಿ ಗೆದ್ದ ತಂಡವು ಮೊದಲಾರ್ಧದಲ್ಲಿ ಯಾವ ಗೋಲಿನತ್ತ ದಾಳಿ ನಡೆಸಬೇಕೆಂಬುದನ್ನಾಗಲಿ, ಚೆಂಡಿನೊಂದಿಗೆ ಆಟ ಆರಂಭಿಸುವುದನ್ನಾಗಲಿ ಆಯ್ದುಕೊಳ್ಳಬಹುದು. ಮಧ್ಯವಿರಾಮದ ನಂತರ ಎದುರಾಳಿ ತಂಡವು ಸೆಂಟರ್ ಪಾಸ್ ಪಡೆಯುತ್ತದೆ. ಗೋಲು ದಾಖಲಾದ ನಂತರ, ಗೋಲು ಬಿಟ್ಟುಕೊಟ್ಟ ತಂಡವು ಆಟವನ್ನು ಪುನರಾರಂಭಿಸುತ್ತದೆ.

ಚೆಂಡನ್ನು ಅಂಕಣದ ಮಧ್ಯಬಿಂದುವಿನಿಂದ ಯಾವ ದಿಕ್ಕಿಗಾದರೂ ಆಡಬಹುದು. ಪಾಸ್ ನೀಡುವ ಆಟಗಾರನ ಹೊರತು ಉಳಿದವರೆಲ್ಲರೂ ತಮ್ಮ ಅರ್ಧಭಾಗದಲ್ಲಿಯೇ ಇರತಕ್ಕದ್ದು. ಗೋಲಿನ ಸಂಭ್ರಮದಲ್ಲಿರುವ ಬಾಲಕರು ತಮ್ಮ ಅರ್ಧಕ್ಕೆ ಮರಳುವವರೆಗೆ ತೀರ್ಪುಗಾರರು ಸೀಟಿ ಊದಬಾರದು.

4. ಬುಲ್ಲಿ

ಗಾಯ ಅಥವಾ ಅನ್ಯ ಕಾರಣದಿಂದ ಆಟ ನಿಂತಿದ್ದು, ಯಾವ ತಂಡಕ್ಕೂ ದಂಡ ವಿಧಿಸದಿದ್ದಲ್ಲಿ ಮಾತ್ರ ಬುಲ್ಲಿ ನೀಡಲಾಗುತ್ತದೆ. ಉದಾಹರಣೆಗೆ, ಇಬ್ಬರು ಬಾಲಕರು ಯಾರದೂ ತಪ್ಪಿಲ್ಲದೆ ಢಿಕ್ಕಿಯಾಗಿ ಬಿದ್ದಾಗ, ಅಥವಾ ಗ್ರಾಮೀಣ ಮೈದಾನದಲ್ಲಿ ನಾಯಿ ನುಗ್ಗಿ ಆಟಕ್ಕೆ ಅಡ್ಡಿಯಾದಾಗ ಬುಲ್ಲಿಯೇ ಸರಿಯಾದ ಕ್ರಮ. ತಪ್ಪಿನಿಂದಲೇ ಗಾಯವಾಗಿದ್ದಲ್ಲಿ ಬುಲ್ಲಿ ಸಲ್ಲದು. ತಪ್ಪಿಗೆ ತಕ್ಕಂತೆ ಫ್ರೀ ಹಿಟ್, ಪೆನಾಲ್ಟಿ ಕಾರ್ನರ್ ಅಥವಾ ಪೆನಾಲ್ಟಿ ಸ್ಟ್ರೋಕ್ ನೀಡತಕ್ಕದ್ದು.

ಬುಲ್ಲಿಯ ಕ್ರಮ ಈ ಕೆಳಕಂಡಂತಿದೆ:

ಅ) ಆಟ ನಿಂತಾಗ ಚೆಂಡು ಇದ್ದ ಸ್ಥಳದ ಸಮೀಪದಲ್ಲಿ ಬುಲ್ಲಿ ನಡೆಯಬೇಕು. ಆದರೆ ಆ ಸ್ಥಳವು ಬ್ಯಾಕ್‌ಲೈನ್‌ನಿಂದ 15 ಮೀಟರ್‌ಗಳೊಳಗೆ ಇರಬಾರದು.
ಆ) ಪ್ರತಿ ತಂಡದಿಂದ ಒಬ್ಬ ಆಟಗಾರ ಎದುರುಬದುರಾಗಿ ನಿಲ್ಲಬೇಕು. ತಾನು ರಕ್ಷಿಸುವ ಗೋಲು ತನ್ನ ಬಲಗಡೆಗೆ ಇರಬೇಕು. ಚೆಂಡನ್ನು ಇಬ್ಬರ ನಡುವೆ ಇಡಬೇಕು.
ಇ) ಇಬ್ಬರೂ ತಮ್ಮ ಸ್ಟಿಕ್ಕನ್ನು ಚೆಂಡಿನ ಬಲಕ್ಕೆ ನೆಲದ ಮೇಲಿಟ್ಟು, ನಂತರ ಸ್ಟಿಕ್ಕುಗಳ ಚಪ್ಪಟೆ ಬದಿಯನ್ನು ಚೆಂಡಿನ ಮೇಲ್ಭಾಗದಲ್ಲಿ ಒಂದು ಬಾರಿ ಪರಸ್ಪರ ತಾಗಿಸಬೇಕು. ಆ ಬಳಿಕ ಯಾರಾದರೂ ಚೆಂಡನ್ನು ಆಡಬಹುದು.
ಈ) ಉಳಿದ ಎಲ್ಲ ಆಟಗಾರರು ಚೆಂಡಿನಿಂದ ಕನಿಷ್ಠ 5 ಮೀಟರ್ ದೂರದಲ್ಲಿರಬೇಕು.

ಹಿಂದೆ ಸ್ಟಿಕ್ಕುಗಳನ್ನು ಮೂರು ಬಾರಿ ತಾಗಿಸುವ ಪದ್ಧತಿಯಿತ್ತು. ಪಂದ್ಯದ ಆರಂಭವೂ ಬುಲ್ಲಿಯಿಂದಲೇ ಆಗುತ್ತಿತ್ತು. ಹಿರಿಯ ಆಟಗಾರರು ಇಂದಿಗೂ ಮೂರು ಬಾರಿ ಎಂದು ಹೇಳಿಕೊಡುವುದುಂಟು. ಆದುದರಿಂದ ತೀರ್ಪುಗಾರರು ಬುಲ್ಲಿಗೆ ಮುನ್ನ ‘ಒಂದೇ ಬಾರಿ’ ಎಂದು ಇಬ್ಬರು ಬಾಲಕರಿಗೂ ತಿಳಿಸುವುದು ಒಳ್ಳೆಯದು. ಇದರಿಂದ ಒಬ್ಬನು ಕಾಯುತ್ತಿರುವಾಗ ಇನ್ನೊಬ್ಬನು ಚೆಂಡು ಒಯ್ಯುವ ಅನ್ಯಾಯ ತಪ್ಪುತ್ತದೆ.

5. ಚೆಂಡು ಅಂಕಣದಿಂದ ಹೊರಹೋದಾಗ

ಅ) ಸೈಡ್‌ಲೈನ್ ದಾಟಿದಲ್ಲಿ: ಕೊನೆಯದಾಗಿ ಚೆಂಡನ್ನು ಮುಟ್ಟದ ತಂಡವು, ಚೆಂಡು ಗೆರೆ ದಾಟಿದ ಸ್ಥಳದಿಂದ ಆಡುತ್ತದೆ.
ಆ) ದಾಳಿ ತಂಡದಿಂದ ಬ್ಯಾಕ್‌ಲೈನ್ ದಾಟಿ ಗೋಲಾಗದಿದ್ದಲ್ಲಿ: ಚೆಂಡು ದಾಟಿದ ಸ್ಥಳದ ನೇರಕ್ಕೆ, ಬ್ಯಾಕ್‌ಲೈನ್‌ನಿಂದ 15 ಮೀಟರ್‌ವರೆಗಿನ ಅಂತರದಲ್ಲಿ ರಕ್ಷಣಾ ತಂಡವು ಆಡುತ್ತದೆ.
ಇ) ರಕ್ಷಣಾ ತಂಡದಿಂದ ಉದ್ದೇಶವಿಲ್ಲದೆ ದಾಟಿದಲ್ಲಿ: ಚೆಂಡು ದಾಟಿದ ಸ್ಥಳದ ನೇರಕ್ಕೆ 23 ಮೀಟರ್ ಗೆರೆಯ ಮೇಲಿನಿಂದ ದಾಳಿ ತಂಡವು ಆಡುತ್ತದೆ.
ಈ) ರಕ್ಷಣಾ ಆಟಗಾರನು ಉದ್ದೇಶಪೂರ್ವಕವಾಗಿ ಹೊರದಬ್ಬಿದಲ್ಲಿ: ಪೆನಾಲ್ಟಿ ಕಾರ್ನರ್. ಗೋಲ್‌ಕೀಪರ್ ಚೆಂಡನ್ನು ದಿಕ್ಕು ತಪ್ಪಿಸಿ ಬ್ಯಾಕ್‌ಲೈನ್ ದಾಟಿಸುವುದು ಈ ತಪ್ಪಿನ ವ್ಯಾಪ್ತಿಗೆ ಬರುವುದಿಲ್ಲ.

6. ಫ್ರೀ ಹಿಟ್

ಚೆಂಡು ನಿಶ್ಚಲವಾಗಿರಬೇಕು. ಎದುರಾಳಿಗಳು 5 ಮೀಟರ್ ದೂರವಿರಬೇಕು. ದಾಳಿ ತಂಡಕ್ಕೆ 23 ಮೀಟರ್ ಪ್ರದೇಶದೊಳಗೆ ಫ್ರೀ ಹಿಟ್ ದೊರೆತಲ್ಲಿ, ಹೊಡೆಯುವವನ ಹೊರತು ಎರಡೂ ತಂಡಗಳ ಆಟಗಾರರಿಗೆ ಈ ಅಂತರ ಅನ್ವಯಿಸುತ್ತದೆ. ಹೊಡೆಯುವ ಆಟಗಾರನು ತಾನೇ ಚೆಂಡನ್ನು ಮುಂದೊಯ್ಯಬಹುದು. ಆದರೆ ಇಂತಹ ಫ್ರೀ ಹಿಟ್‌ನಲ್ಲಿ ಚೆಂಡು ಕನಿಷ್ಠ 5 ಮೀಟರ್ ಸಾಗುವವರೆಗೆ ಅಥವಾ ರಕ್ಷಣಾ ಆಟಗಾರನನ್ನು ತಾಗುವವರೆಗೆ ಅದನ್ನು ಡಿ ವೃತ್ತದೊಳಕ್ಕೆ ಆಡುವಂತಿಲ್ಲ. ಗೋಲಿನ ಮುಂದೆ ಗುಂಪುಗೂಡಿರುವ ಮಕ್ಕಳ ಮೇಲೆ ಚೆಂಡು ವೇಗವಾಗಿ ಎರಗುವ ಅಪಾಯವನ್ನು ಈ ನಿಯಮ ಕಡಿಮೆ ಮಾಡುತ್ತದೆ. ಫ್ರೀ ಹಿಟ್‌ನಲ್ಲಿ ಪುಶ್, ಫ್ಲಿಕ್ ಅಥವಾ ಸ್ಕೂಪ್ ಮೂಲಕ ಚೆಂಡನ್ನು ಮೇಲೆತ್ತಬಹುದು. ಹೊಡೆತದಿಂದ ಉದ್ದೇಶಪೂರ್ವಕವಾಗಿ ಎತ್ತುವಂತಿಲ್ಲ.

7. ಸಂಕೇತಗಳು

- ಸಮಯ ನಿಲುಗಡೆ: ಸಹ ತೀರ್ಪುಗಾರರತ್ತ ತಿರುಗಿ, ಚಾಚಿದ ಎರಡು ತೋಳುಗಳನ್ನು ತಲೆಯ ಮೇಲೆ ಮಣಿಕಟ್ಟಿನಲ್ಲಿ ಅಡ್ಡಲಾಗಿ ಹಿಡಿಯುವುದು.
- ಸಮಯ ಆರಂಭ: ಸಹ ತೀರ್ಪುಗಾರರತ್ತ ತಿರುಗಿ ಒಂದು ತೋಳನ್ನು ನೇರವಾಗಿ ಮೇಲೆತ್ತುವುದು.
- ಬುಲ್ಲಿ: ಅಂಗೈಗಳು ಎದುರುಬದುರಾಗಿರುವಂತೆ ಕೈಗಳನ್ನು ದೇಹದ ಮುಂದೆ ಒಂದಾದ ಮೇಲೊಂದರಂತೆ ಮೇಲೆ ಕೆಳಗೆ ಆಡಿಸುವುದು.
- 5 ಮೀಟರ್ ಅಂತರ: ಐದೂ ಬೆರಳು ಬಿಡಿಸಿದ ಒಂದು ಕೈಯನ್ನು ಮೇಲೆತ್ತುವುದು.
- ಪೆನಾಲ್ಟಿ ಕಾರ್ನರ್: ಎರಡೂ ತೋಳುಗಳನ್ನು ಗೋಲಿನತ್ತ ಚಾಚುವುದು.

8. ಗಾಯ ಹಾಗೂ ಅಶಿಸ್ತು

ಬಾಲಕನು ಗಾಯಗೊಂಡಿರುವುದು ಕಂಡಲ್ಲಿ ತೀರ್ಪುಗಾರರು ಸಮಯವನ್ನು ನಿಲ್ಲಿಸಬೇಕು. ರಕ್ತಸ್ರಾವವಾಗುತ್ತಿರುವ ಆಟಗಾರನು ವೈದ್ಯಕೀಯ ಕಾರಣದ ಅಡ್ಡಿಯಿಲ್ಲದಿದ್ದಲ್ಲಿ ಅಂಕಣದಿಂದ ಹೊರಹೋಗಬೇಕು. ಗಾಯವನ್ನು ಮುಚ್ಚುವವರೆಗೆ ಮರಳುವಂತಿಲ್ಲ. ಪಂದ್ಯದ ಕೊನೆಯ ನಿಮಿಷಗಳಲ್ಲಿಯೂ ಇದಕ್ಕೆ ವಿನಾಯಿತಿಯಿಲ್ಲ.

ಪುನರಾರಂಭಕ್ಕೆ ಅಡ್ಡಿಪಡಿಸಿದ ತಂಡದ ವಿರುದ್ಧ ಫ್ರೀ ಹಿಟ್ ಅನ್ನು 10 ಮೀಟರ್‌ವರೆಗೆ ಮುಂದಕ್ಕೆ ಒಯ್ಯಬಹುದು. ಅಶಿಸ್ತು ತೋರಿದ ಆಟಗಾರನನ್ನು ಹಸಿರು ಕಾರ್ಡ್ ನೀಡಿ 2 ನಿಮಿಷ, ಹಳದಿ ಕಾರ್ಡ್ ನೀಡಿ ಕನಿಷ್ಠ 5 ನಿಮಿಷ ಹೊರಗಿಡಲಾಗುತ್ತದೆ. ಕೆಂಪು ಕಾರ್ಡ್ ಪಡೆದವನು ಆ ಪಂದ್ಯದಲ್ಲಿ ಮತ್ತೆ ಆಡುವಂತಿಲ್ಲ.

9. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಚೆಂಡು ತೀರ್ಪುಗಾರರಿಗೆ ತಾಗಿದರೆ ಬುಲ್ಲಿ ನೀಡಬೇಕೆ?
ಉತ್ತರ: ಇಲ್ಲ. ಆಟ ಮುಂದುವರಿಯುತ್ತದೆ.

ಪ್ರಶ್ನೆ: ಡಿ ವೃತ್ತದೊಳಗೆ ರಕ್ಷಣಾ ಆಟಗಾರನ ಉಡುಪಿನಲ್ಲಿ ಚೆಂಡು ಸಿಲುಕಿದರೆ?
ಉತ್ತರ: ದಾಳಿ ತಂಡಕ್ಕೆ ಪೆನಾಲ್ಟಿ ಕಾರ್ನರ್ ನೀಡಲಾಗುತ್ತದೆ.

ಪ್ರಶ್ನೆ: ಗೋಲಿನ ಸನಿಹದಲ್ಲಿಯೇ ಆಟ ನಿಂತಿದ್ದರೂ ಬುಲ್ಲಿಯನ್ನು ದೂರಕ್ಕೆ ಒಯ್ಯುವುದೇಕೆ?
ಉತ್ತರ: ಯಾರೂ ತಪ್ಪು ಮಾಡದ ಸಂದರ್ಭದಲ್ಲಿ ಗೋಲಿನ ಮುಂದೆ ಬುಲ್ಲಿ ನಡೆದರೆ ರಕ್ಷಣಾ ತಂಡವು ಕಾರಣವಿಲ್ಲದೆ ಅಪಾಯಕ್ಕೆ ಸಿಲುಕುತ್ತದೆ. 15 ಮೀಟರ್ ಮಿತಿಯು ಇದನ್ನು ತಡೆಯುತ್ತದೆ.

10. ಸಾರ್ವಜನಿಕರ ಗಮನಕ್ಕೆ

ಪಂದ್ಯಾವಳಿ ಆಯೋಜಿಸುವ ಶಾಲೆಗಳು ಹಾಗೂ ಸಂಘ ಸಂಸ್ಥೆಗಳು ಅಂಕಣದ ಗೆರೆಗಳನ್ನು, ವಿಶೇಷವಾಗಿ 23 ಮೀಟರ್ ಗೆರೆಯನ್ನು, ಪಂದ್ಯಕ್ಕೆ ಮುನ್ನ ಸ್ಪಷ್ಟವಾಗಿ ಬಳಿಸುವುದು ಹಾಗೂ ಪ್ರಥಮ ಚಿಕಿತ್ಸೆಯ ವ್ಯವಸ್ಥೆ ಮಾಡಿಕೊಳ್ಳುವುದು ಅಗತ್ಯ. ಪಂದ್ಯದ ನಡುವೆ ಪೋಷಕರು ಅಂಕಣವನ್ನು ಪ್ರವೇಶಿಸಿ ತೀರ್ಪು ಪ್ರಶ್ನಿಸಬಾರದು. ಜಿಲ್ಲಾ ಕ್ರೀಡಾಂಗಣದ ಬಳಕೆಗೆ ಸಂಬಂಧಿಸಿದ ಮಾಹಿತಿಗಾಗಿ ಆಯಾ ಜಿಲ್ಲೆಯ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕಚೇರಿಯನ್ನು ಕೆಲಸದ ವೇಳೆಯಲ್ಲಿ ಸಂಪರ್ಕಿಸಬಹುದು.