ಕೊಂಡ ಪೌರತ್ವ

ಪೌರತ್ವವನ್ನು ದುಡ್ಡು ಕೊಟ್ಟು ಕೊಳ್ಳಬಹುದೇ? ಕೊಳ್ಳಬಹುದು; ಆದರೆ ಕೊಂಡದ್ದು ಕಷ್ಟಕಾಲಕ್ಕೆ ಒದಗೀತೇ ಎಂಬುದು ಬೇರೆ ಮಾತು. ನೊಟ್ಟೆಬೋಮನ ಮೊಕದ್ದಮೆಯನ್ನು ನೆನೆದಾಗಲೆಲ್ಲ ನನಗೆ ಹೀಗೆನ್ನಿಸುತ್ತದೆ.

ಫ್ರೀಡ್ರಿಶ್ ನೊಟ್ಟೆಬೋಮ್ 1881ರಲ್ಲಿ ಹ್ಯಾಂಬರ್ಗಿನಲ್ಲಿ ಹುಟ್ಟಿದ ಜರ್ಮನ್. 1905ರಲ್ಲಿ ಮಧ್ಯ ಅಮೆರಿಕದ ಗ್ವಾಟೆಮಾಲಕ್ಕೆ ಹೋಗಿ ವ್ಯಾಪಾರ, ಬ್ಯಾಂಕು, ತೋಟಗಳಿಂದ ಚೆನ್ನಾಗಿ ಸಂಪಾದಿಸಿದ. 1939ರಲ್ಲಿ ಯುದ್ಧ ಹೊತ್ತಿಕೊಂಡಿತು. ಅಕ್ಟೋಬರ್ 9ರಂದು ಅವನು ತನ್ನ ಸೋದರನಿದ್ದ ಲಿಕ್ಟನ್‌ಸ್ಟೈನ್ ಎಂಬ ಪುಟ್ಟ ಸಂಸ್ಥಾನದ ಪೌರತ್ವಕ್ಕೆ ಅರ್ಜಿ ಹಾಕಿದ. ಮೂರು ವರ್ಷ ಅಲ್ಲಿ ನೆಲಸಿರಬೇಕೆಂಬ ನಿಯಮದಿಂದ ವಿನಾಯಿತಿ ದೊರೆಯಿತು. ಮೌರೆನ್ ಗ್ರಾಮಕ್ಕೆ 25,000 ಸ್ವಿಸ್ ಫ್ರಾಂಕು, ಸರ್ಕಾರಕ್ಕೆ 12,500, ಮೇಲೆ ವರ್ಷಂಪ್ರತಿ 1,000 ತೆರಿಗೆ. 20ನೆಯ ತಾರೀಖಿಗೆ ಪ್ರಮಾಣವಚನವೂ ಮುಗಿಯಿತು! ನಮ್ಮಲ್ಲಿ ಮನೆಯ ಖಾತೆ ಬದಲಾಯಿಸಲೂ ಇಷ್ಟು ದಿನ ಸಾಲದು.

ಹೊರನಾಡಿನಲ್ಲಿ ನೆಲಸಿ ಬೇರೆ ಪೌರತ್ವ ಪಡೆದವನು ಆಗಿನ ಜರ್ಮನ್ ಕಾಯಿದೆಯಂತೆ ಹಳೆಯದನ್ನು ಕಳೆದುಕೊಳ್ಳುತ್ತಿದ್ದ. ಆದರೂ 1943ರಲ್ಲಿ ಗ್ವಾಟೆಮಾಲ ಅವನನ್ನು ಶತ್ರುದೇಶದವನೆಂದೇ ಹಿಡಿದು ಅಮೆರಿಕಕ್ಕೆ ಒಪ್ಪಿಸಿತು. 1946ರ ಜನವರಿಯವರೆಗೆ ಸೆರೆ, ಆಸ್ತಿಯೂ ಜಫ್ತಿಯಾಯಿತು. ಅವನ ಪರವಾಗಿ ಲಿಕ್ಟನ್‌ಸ್ಟೈನ್ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ದೂರಿತು. ಆ ದೇಶದೊಡನೆ ಅವನಿಗೆ ನಿಜವಾದ ನಂಟಿರಲಿಲ್ಲ, ಅಂಥ ಪೌರತ್ವವನ್ನು ಗ್ವಾಟೆಮಾಲ ಮನ್ನಿಸಬೇಕಾಗಿಲ್ಲ ಎಂದು 1955ರ ಏಪ್ರಿಲ್ 6ರಂದು 11 ನ್ಯಾಯಾಧೀಶರು ದೂರನ್ನು ತಳ್ಳಿಹಾಕಿದರು. ಒಪ್ಪದವರು ಮೂವರು.

ನಾನೂ ಆ ಮೂವರ ಕಡೆಗೇ. ಯುದ್ಧಕಾಲದಲ್ಲಿ ಜರ್ಮನ್ ಎನ್ನಿಸಿಕೊಳ್ಳದಿರಲು ಅವನು ಉಪಾಯ ಹೂಡಿದ್ದು ನಿಜವಿರಬಹುದು. ಆದರೆ ಸೆರೆಯಿಂದ ಬಿಟ್ಟಮೇಲೆ ಗ್ವಾಟೆಮಾಲ ಅವನನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ; ಅವನು ಹೋಗಿ ನೆಲಸಿದ್ದು ಲಿಕ್ಟನ್‌ಸ್ಟೈನಿನಲ್ಲೇ. ಅವನಿಗಾಗಿ ವಾದಿಸಲು ಬೇರೊಂದು ದೇಶ ಉಳಿದಿರಲಿಲ್ಲ.