ಪ್ರಶಸ್ತಿ ಬಂದದ್ದು ಯಾವ ಪುಸ್ತಕಕ್ಕೆ?

ಕೇಂದ್ರ ಸಾಹಿತ್ಯ ಅಕಾಡೆಮಿ ಬಾಲ ಸಾಹಿತ್ಯ ಪುರಸ್ಕಾರ ಶುರು ಮಾಡಿದ್ದು 2010ರಲ್ಲಿ. 50,000 ರೂಪಾಯಿ, ಜೊತೆಗೊಂದು ತಾಮ್ರ ಫಲಕ. ಕನ್ನಡದಲ್ಲಿ ಮೊದಲು ಪಡೆದವರು ಬೊಳುವಾರು ಮಹಮದ್ ಕುಂಞಿ, 'ಪಾಪು ಗಾಂಧಿ, ಗಾಂಧಿ ಬಾಪು ಆದ ಕಥೆ'ಗೆ. ಮರುವರ್ಷ ಸಾಗರದ ನಾ. ಡಿಸೋಜ ಅವರ 'ಮುಳುಗಡೆಯ ಊರಿಗೆ ಬಂದವರು' ಕಾದಂಬರಿಗೆ ಬಂತು.

ಈ ಎರಡನೆಯದು ನಮ್ಮ ಶಿವನಿ ಕಡೆಯ ಮಕ್ಕಳ ಕೈಗೆ ಸಿಗಲೇಬೇಕು. ಡಿಸೋಜ ಶರಾವತಿ ಯೋಜನೆಯಲ್ಲಿ ನೌಕರಿ ಮಾಡಿದವರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯುವ ಹೊತ್ತಿಗೆ ಮನೆ, ಗದ್ದೆ ಬಿಟ್ಟು ಹೊರಟ ಜನರನ್ನು ಹತ್ತಿರದಿಂದ ಕಂಡಿದ್ದರು. ದೊಡ್ಡವರಿಗಾಗಿ ಮುಳುಗಡೆಯ ಬಗ್ಗೆ ಎಷ್ಟೋ ಬರೆದರು. 'ದ್ವೀಪ' ಸಿನಿಮಾ ಕೂಡ ಆಯಿತು. ಅದೇ ಸಂಕಟವನ್ನು ಮಕ್ಕಳಿಗೂ ಹೇಳಬಹುದು ಅಂದುಕೊಂಡರಲ್ಲ, ಅದು ದೊಡ್ಡದು. ನಾವು ಹಿಂದೆ ಸೇರಿದ್ದ ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲೇ ಭದ್ರಾ ಅಣೆಕಟ್ಟಿದೆ. ಅಲ್ಲೂ ಊರುಗಳು ನೀರಿನಡಿ ಹೋಗಿವೆ. ಶಾಲೆಯಿಂದ ಡ್ಯಾಮ್ ನೋಡಲು ಪ್ರವಾಸ ಕರೆದೊಯ್ದರೆ ಗೇಟು, ಎತ್ತರ, ಎಷ್ಟು ಎಕರೆಗೆ ನೀರು ಅಂತ ಬರೆಸುತ್ತಾರೆ. ಅಡಿಯಲ್ಲಿದ್ದ ಮನೆಗಳ ಸುದ್ದಿ ಬರುವುದಿಲ್ಲ.

ಆಮೇಲೆ ಪುರಸ್ಕಾರದ ದಾರಿ ಬದಲಾಯಿತು. ಪಳಕಳ ಸೀತಾರಾಮ ಭಟ್ಟ, ಎಚ್.ಎಸ್. ವೆಂಕಟೇಶಮೂರ್ತಿ ಮುಂತಾದ ಹಿರಿಯರಿಗೆ, ಒಂದು ಪುಸ್ತಕ ಅಂತಲ್ಲ, ಮಕ್ಕಳ ಸಾಹಿತ್ಯಕ್ಕೆ ಕೊಟ್ಟ ಒಟ್ಟು ಕೊಡುಗೆಗಾಗಿ ಬಂತು. ಅವರ ಯೋಗ್ಯತೆಯ ಬಗ್ಗೆ ತಕರಾರಿಲ್ಲ. ಆದರೆ ಲೈಬ್ರರಿಗೆ ಹೋದ ಐದನೇ ಕ್ಲಾಸಿನ ಹುಡುಗಿ 'ಒಟ್ಟು ಕೊಡುಗೆ ಕೊಡಿ ಸಾರ್' ಅಂತ ಕೇಳೋಕಾಗುತ್ತಾ? ಪ್ರಶಸ್ತಿ ಪುಸ್ತಕದ ಹೆಸರಿಗೆ ಬಂದರೆ ಮಾತ್ರ ಅದು ಹಳ್ಳಿಯವರೆಗೆ ತಲುಪುತ್ತದೆ ಅನ್ನೋದು ನನ್ನ ವಾದ.

2019ರಿಂದ ಸತತ ಐದು ವರ್ಷ ಕಾದಂಬರಿಗಳೇ ಗೆದ್ದವು. ಚಂದ್ರಕಾಂತ ಕರದಳ್ಳಿ ಅವರ 'ಕಾಡು ಕನಸಿನ ಬೀದಿಗೆ', ಎಚ್.ಎಸ್. ಬ್ಯಾಕೋಡ ಅವರ 'ನಾನು ಅಂಬೇಡ್ಕರ್', ಬಸು ಬೇವಿನಗಿಡದ ಅವರ 'ಓಡಿ ಹೋದ ಹುಡುಗ', ತಮ್ಮಣ್ಣ ಬೀಗಾರ ಅವರ 'ಬಾವಲಿ ಗುಹೆ', 2023ರಲ್ಲಿ ವಿಜಯಶ್ರೀ ಹಾಲಾಡಿ ಅವರ 'ಸೂರಕ್ಕಿ ಗೇಟ್'. ಗಾಂಧಿ, ಅಂಬೇಡ್ಕರ್ ಪುಸ್ತಕಗಳನ್ನು ಆಗಸ್ಟ್ ಹದಿನೈದಕ್ಕೆ ಬಹುಮಾನ ಕೊಡೋಕೆ ದೊಡ್ಡವರು ಆರಿಸುತ್ತಾರೆ. ಮಕ್ಕಳನ್ನೇ ಆರಿಸಲು ಬಿಟ್ಟರೆ 'ಓಡಿ ಹೋದ ಹುಡುಗ'ನ ಮೇಲೇ ಮೊದಲು ಕೈ ಹೋಗುತ್ತೆ, ಹೆಸರೇ ಹಾಗಿದೆ!

2024, 2025ರಲ್ಲಿ ಪುರಸ್ಕಾರ ಕಥೆಗಳ ಕಡೆ ತಿರುಗಿದೆ. ಕೃಷ್ಣಮೂರ್ತಿ ಬಿಳಿಗೆರೆ ಅವರ 'ಛೂಮಂತ್ರಯ್ಯನ ಕಥೆಗಳು', ಕೆ. ಶಿವಲಿಂಗಪ್ಪ ಹಂದಿಹಾಳ ಅವರ 'ನೋಟ್‌ಬುಕ್'. ಇವೂ ಪುಸ್ತಕಕ್ಕೇ ಬಂದವು, ಅಷ್ಟು ಸಮಾಧಾನ.

ನಾ. ಡಿಸೋಜ 2025ರ ಜನವರಿಯಲ್ಲಿ ತೀರಿಕೊಂಡರು. ನಿಮ್ಮ ಪಂಚಾಯ್ತಿಯ ಅರಿವು ಕೇಂದ್ರಕ್ಕೆ ಹೋದಾಗ ಅವರ ಪುಸ್ತಕವಿದೆಯಾ ಕೇಳಿ. ಇಲ್ಲ ಅಂದರೆ ಒಂದು ಚೀಟಿಯಲ್ಲಿ ಹೆಸರು ಬರೆದುಕೊಟ್ಟು ತರಿಸಲು ಹೇಳಿ ಬನ್ನಿ.